ಚಿನ್ನಾರ್‌ನಿಂದ ಮಲಕ್ಕಪ್ಪಾರದವರೆಗೆ: ಟೀ ತೋಟಗಳ ನಡುವೆ ಒಂದು ಸುತ್ತು

ಮೊದಲ ದಿನ: ಉಡುಮಲೈಪೇಟೆ, ಚಿನ್ನಾರ್, ಮರಯೂರು

ಮುನ್ನಾರ್‌ಗೆ ಕೊಚ್ಚಿ ಕಡೆಯಿಂದ ಹತ್ತುವವರೇ ಜಾಸ್ತಿ. ಕರ್ನಾಟಕದಿಂದ ಕಾರಿನಲ್ಲಿ ಹೋಗುವವರಿಗೆ ನಾನು ಹೇಳುವುದು ಉಡುಮಲೈಪೇಟೆಯ ದಾರಿ. ಒಂದೇ ಬೆಳಗಿನಲ್ಲಿ ಮುಳ್ಳುಕಾಡು, ಗಂಧದ ಕಾಡು, ಕಬ್ಬಿನ ಗದ್ದೆ, ಆಮೇಲೆ ಟೀ ತೋಟ ಒಂದರ ಹಿಂದೊಂದು ಬರುತ್ತವೆ. ಸಂಕ್ರಾಂತಿ ಮುಗಿಸಿಕೊಂಡು ನಾನು, ಅಮ್ಮ, ತಮ್ಮ ಹೊರಟೆವು. ರಾತ್ರಿ ಉಡುಮಲೈಪೇಟೆಯಲ್ಲಿ ಉಳಿದು, ಬೆಳಕು ಹರಿಯುತ್ತಿದ್ದಂತೆ ಗಾಡಿ ತೆಗೆದೆವು.

ಅಮ್ಮನ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಅಮ್ಮ ಹುಟ್ಟಿ ಬೆಳೆದಿದ್ದು ಕೆಜಿಎಫ್‌ನಲ್ಲಿ. ತಾತ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಅಮ್ಮನಿಗೆ ಕನ್ನಡದಷ್ಟೇ ಸಲೀಸಾಗಿ ತಮಿಳು ಬರುತ್ತೆ. ಮುನ್ನಾರ್ ಕೇರಳದಲ್ಲಿದ್ದರೂ ಟೀ ತೋಟದಲ್ಲಿ ತಲೆಮಾರುಗಳಿಂದ ದುಡಿಯುತ್ತಿರುವವರ ಮನೆಮಾತು ತಮಿಳು. ದಾರಿಯಲ್ಲಿ ನಮಗೆ ಸಿಕ್ಕ ಒಳ್ಳೆಯ ಮಾತುಕತೆಗಳೆಲ್ಲ ಹೆಚ್ಚುಕಮ್ಮಿ ಅಮ್ಮನಿಂದಲೇ.

ಊರಾಚೆ ಗಾಳಿಯಂತ್ರಗಳು, ತೆಂಗಿನ ತೋಟಗಳು. ಒಂಬದಾರು ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಂಬರ್ ಬರೆದುಕೊಂಡು ಬಿಟ್ಟರು. ಅಲ್ಲಿಂದ ಮುಂದೆ ತಮಿಳುನಾಡಿನ ಆನೆಮಲೆ ಹುಲಿ ಸಂರಕ್ಷಿತ ಪ್ರದೇಶ. ಗಡಿ ದಾಟಿದರೆ ಕೇರಳದ ಚಿನ್ನಾರ್ ಅಭಯಾರಣ್ಯ. ಪಶ್ಚಿಮ ಘಟ್ಟ ಅಂದರೆ ಮಳೆ, ಹಸಿರು ಎಂದುಕೊಂಡವರಿಗೆ ಚಿನ್ನಾರ್ ಬೇರೆಯೇ ಕಾಣುತ್ತದೆ. ಮಳೆಯೆಲ್ಲ ಬೆಟ್ಟದ ಆಚೆ ಬದಿಗೇ ಸುರಿದುಬಿಡುತ್ತದೆ. ಈಚೆ ಬದಿಗೆ ಉಳಿಯುವುದು ಕಳ್ಳಿ, ಜಾಲಿ, ಬಿಸಿಲು. ಹೊಳೆಯ ದಡದಲ್ಲಿ ಮಾತ್ರ ಎತ್ತರದ ಮರಗಳಿವೆ. ಅಲ್ಲೊಬ್ಬ ಫಾರೆಸ್ಟ್ ವಾಚರ್ ಕೈಸನ್ನೆ ಮಾಡಿ ಮೇಲಕ್ಕೆ ತೋರಿಸಿದರು. ಬೂದು ಬಣ್ಣದ ದೊಡ್ಡ ಅಳಿಲು, ಬಾಲವನ್ನು ಬೆನ್ನ ಮೇಲೆ ಮಡಚಿಕೊಂಡು ಕಾಯಿ ತಿನ್ನುತ್ತಿತ್ತು. ನಮ್ಮ ಮಲೆನಾಡಿನ ಕೆಂಜಳಿಲಿನ ಬಳಗದ್ದೇ, ಆದರೆ ಇದನ್ನು ನೋಡಬೇಕಾದರೆ ಇಂಥ ಕೆಲವೇ ಜಾಗಗಳಿಗೆ ಬರಬೇಕು. ಈ ರಸ್ತೆಯಲ್ಲಿ ಆನೆಗಳ ಓಡಾಟ ಇದೆ. ಬೆಳಗ್ಗೆಯೇ ದಾಟಿಬಿಡುವುದು ಒಳ್ಳೆಯದು, ಕತ್ತಲಿಗೆ ಮಾತ್ರ ಉಳಿಸಿಕೊಳ್ಳಬೇಡಿ.

ಮರಯೂರಿಗೆ ಬಂದಾಗ ರಸ್ತೆಯ ಎರಡೂ ಬದಿಗೆ ಎತ್ತರದ ತಂತಿ ಬೇಲಿ. ಒಳಗೆ ಶ್ರೀಗಂಧ. ಕೇರಳದಲ್ಲಿ ಗಂಧದ ಮರ ತಾನಾಗಿ ಬೆಳೆಯುವ ಕಾಡು ಇದು, ಕಾವಲೂ ಅಷ್ಟೇ ಬಿಗಿ. ಬೇಲಿ ಮುಗಿಯುತ್ತಿದ್ದಂತೆ ಕಬ್ಬಿನ ಗದ್ದೆ, ಅದರ ಮಧ್ಯೆ ಹೊಗೆ. ಆಲೆಮನೆ! ಗಾಡಿ ನಿಲ್ಲಿಸದೆ ಇರಲು ಆಗಲಿಲ್ಲ.

ಒಲೆಗೆ ಕಬ್ಬಿನ ಸಿಪ್ಪೆಯನ್ನೇ ತುಂಬುತ್ತಿದ್ದರು. ಅಗಲವಾದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ಹದಕ್ಕೆ ಬಂದಾಗ ಮರದ ಹಲಗೆಯ ಮೇಲೆ ಸುರಿದರು. ತುಸು ಆರಿದ ಮೇಲೆ ಇಬ್ಬರು ಕೂತು ಬಿಸಿಬಿಸಿ ಪಾಕವನ್ನೇ ಅಂಗೈಯಲ್ಲಿ ಉಂಡೆ ಕಟ್ಟತೊಡಗಿದರು. ಒಂದೊಂದು ಉಂಡೆಯ ಮೇಲೂ ಬೆರಳಿನ ಗುರುತು ಹಾಗೇ ಉಳಿಯುತ್ತದೆ. ಅಚ್ಚಿಗೆ ಹಾಕುವುದಿಲ್ಲ. ಮರಯೂರು ಬೆಲ್ಲಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಅಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, "ಉಪ್ಪಿನ ಅಂಶವೇ ಇಲ್ಲ ಕಣೇ" ಎಂದು ಮೆಚ್ಚಿಕೊಂಡರು. ಎರಡು ಕಿಲೋ ಕಟ್ಟಿಸಿಕೊಂಡೆವು. ಕಪ್ಪಗಿದ್ದಷ್ಟೂ ಒಳ್ಳೆಯದು, ಹೊಳೆಯುವ ಹಳದಿ ಬೆಲ್ಲ ಕಂಡರೆ ತಗೋಬೇಡಿ ಎಂದು ಆಲೆಮನೆಯವರೇ ಹೇಳಿದರು. ಅಂಗಡಿಗಳಿಗಿಂತ ಆಲೆಮನೆಯಲ್ಲೇ ಕೊಳ್ಳುವುದು ವಾಸಿ.

ಊರ ಪಕ್ಕದ ಬಂಡೆಯ ಮೇಲೆ ಮುನಿಯರಗಳಿವೆ. ನಾಲ್ಕು ಕಲ್ಲುಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ, ಬಹಳ ಹಳೆಯ ಕಾಲದ ಸಮಾಧಿಗಳು. ಕೆಲವು ಮುರಿದುಬಿದ್ದಿವೆ. ಬಿಸಿಲು ಏರುವ ಮೊದಲೇ ಹತ್ತಿಬಿಡಿ, ಮೇಲೆ ನೆರಳಿಲ್ಲ.

ಮರಯೂರು ಬಿಟ್ಟು ಅರ್ಧ ಗಂಟೆಯಾಗುವಷ್ಟರಲ್ಲಿ ಗಾಳಿ ತಣ್ಣಗಾಯಿತು. ಲಕ್ಕಂ ಜಲಪಾತದ ಹತ್ತಿರ ಕಿಟಕಿ ಏರಿಸಿದೆವು. ಒಂದು ತಿರುವು ಕಳೆದದ್ದೇ ಟೀ ತೋಟ ಶುರು. ಕಣ್ಣು ಹಾಯುವವರೆಗೂ ಅದೇ. ತಮ್ಮ ಗಾಡಿ ಬದಿಗೆ ಹಾಕಿ ಫೋಟೋ ತೆಗೆಯುತ್ತಿದ್ದ. ಅಮ್ಮ ನೋಡುತ್ತಿದ್ದದ್ದು ಗುಡ್ಡವನ್ನಲ್ಲ. ಕೆಳಗೆ ತೊರೆಯ ಪಕ್ಕ, ಒಂದೇ ಉದ್ದನೆಯ ಸೂರಿನಡಿ ಸಾಲಾಗಿ ಬಾಗಿಲುಗಳಿದ್ದ ಮನೆಗಳನ್ನು.

"ಅಲ್ಲಿ ನೋಡು, ಲೈನು" ಅಂದರು. "ಥೇಟ್ ನಮ್ಮ ಲೈನ್ ಮನೆ."

ಇಲ್ಲಿ ಅದನ್ನು ಲಯಂ ಅನ್ನುತ್ತಾರೆ. ಅದಾದ ಮೇಲೆ ನಾನೂ ಎಲ್ಲಿ ಹೋದರೂ ಮೊದಲು ಅವನ್ನೇ ಹುಡುಕುವಂತಾಯಿತು. ಮುನ್ನಾರ್‌ನ ಫೋಟೋಗಳಲ್ಲಿ ಅವು ಬಹುತೇಕ ಕಾಣುವುದೇ ಇಲ್ಲ.

ಎರಡನೇ ದಿನ: ಹೆಪ್ಪುಗಟ್ಟಿದ ಇಬ್ಬನಿ, ರಾಜಮಲೆ, ಮ್ಯೂಸಿಯಂ

ಜನವರಿಯಲ್ಲಿ ಮುನ್ನಾರ್‌ನ ಸುತ್ತಲಿನ ಕಣಿವೆಗಳಲ್ಲಿ ಕೆಲವು ರಾತ್ರಿ ಉಷ್ಣಾಂಶ ಸೊನ್ನೆಗೆ ಇಳಿಯುತ್ತದೆ. ಹೋಂಸ್ಟೇ ಯಜಮಾನರು ಹಿಂದಿನ ರಾತ್ರಿ ಆಕಾಶ ನೋಡಿ, "ಮೋಡ ಇಲ್ಲ, ಗಾಳಿ ಇಲ್ಲ, ನಾಳೆ ಬೀಳುತ್ತೆ" ಎಂದಿದ್ದರು. ಆರು ಗಂಟೆಗೆ ಹೊರಗೆ ಬಂದರೆ ಕೆಳಗಿನ ಬಯಲೆಲ್ಲ ಬಿಳಿ. ಕಾರಿನ ಗಾಜಿನ ಮೇಲೆ ಪದರ ಕಟ್ಟಿತ್ತು. ಹುಲ್ಲಿನ ಮೇಲೆ ಕಾಲಿಟ್ಟರೆ ಚರಚರ ಸದ್ದು. ಒಂದು ಸ್ವೆಟರ್ ಸಾಕಾಗುವುದಿಲ್ಲ, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ನೋಡಲು ಚೆಂದ, ಆದರೆ ಟೀ ಗಿಡಕ್ಕೆ ಅದು ಬೆಂಕಿ. ತಗ್ಗಿನಲ್ಲಿದ್ದ ಸಾಲುಗಳ ಹತ್ತಿರ ಹೋಗಿ ನೋಡಿದೆ. ಹಿಂದಿನ ದಿನಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿದ್ದ ಚಿಗುರುಗಳು ಕಂದಾಗಿ ಸುಟ್ಟುಹೋಗಿದ್ದವು. ಮುಟ್ಟಿದರೆ ಪುಡಿಪುಡಿ. ಅದರ ಕೆಳಗಿನ ಹಳೆಯ ಎಲೆ ಮಾತ್ರ ದಪ್ಪಗೆ, ಹಸಿರಾಗಿ ಉಳಿದಿತ್ತು. ಗುಡ್ಡದ ಮೇಲಿನ ಗಿಡಗಳಿಗೆ ಏನೂ ಆಗಿರಲಿಲ್ಲ. ತಣ್ಣನೆ ಗಾಳಿ ರಾತ್ರಿ ಕೆಳಕ್ಕೆ ಇಳಿದು ತಗ್ಗಿನಲ್ಲೇ ನಿಲ್ಲುತ್ತದೆ, ಅದಕ್ಕೇ ಪೆಟ್ಟೆಲ್ಲ ತಗ್ಗಿನ ಗಿಡಗಳಿಗೆ.

ಪುಟ್ಟು, ಕಡಲೆ ಕರಿ ತಿಂದು ರಾಜಮಲೆಗೆ ಹೊರಟೆವು. ಇರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರಿಗೆ ತೆರೆದಿರುವ ಭಾಗ ಅದು. ಒಟ್ಟು 97 ಚದರ ಕಿಲೋಮೀಟರ್ ಉದ್ಯಾನ, 1978ರಲ್ಲಿ ಘೋಷಣೆಯಾದದ್ದು. ದಕ್ಷಿಣ ಭಾರತದಲ್ಲೇ ಎತ್ತರದ ಶಿಖರ ಆನಮುಡಿ, 2,695 ಮೀಟರ್, ಇದರೊಳಗಿದೆ. ಗೇಟಿನಿಂದ ಅರಣ್ಯ ಇಲಾಖೆಯ ಬಸ್ಸಿನಲ್ಲೇ ಹೋಗಬೇಕು. ಮೊದಲ ಬಸ್ಸು ಹಿಡಿದರೆ ನೆಮ್ಮದಿ, ಹತ್ತರ ಮೇಲೆ ಜಾತ್ರೆ. ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ವರೆಯಾಡು ಎಂಬ ಕಾಡುಮೇಕೆಗಳು ಮರಿ ಹಾಕುವ ಕಾಲ ಎಂದು ಮುಚ್ಚುತ್ತಾರೆ. ಹೋಗುವವರು ಜನವರಿ ಮುಗಿಯುವುದರೊಳಗೆ ಹೋಗಿಬನ್ನಿ.

ವರೆಯಾಡು ಅಂದರೆ ನೀಲಗಿರಿ ತಾರ್. ರಸ್ತೆಯ ಪಕ್ಕದ ಬಂಡೆಯ ಮೇಲೆ ತಾಯಿ, ಜೊತೆಗೊಂದು ವರ್ಷದ ಮರಿ. ನಮ್ಮನ್ನು ಕಂಡು ಹೆದರಲೂ ಇಲ್ಲ, ಲೆಕ್ಕಕ್ಕೆ ತಗೊಳ್ಳಲೂ ಇಲ್ಲ. ಆ ಗೊರಸು ಬಂಡೆಯ ಇಳಿಜಾರಿನಲ್ಲಿ ಹೇಗೆ ಕಚ್ಚಿ ನಿಲ್ಲುತ್ತದೆ ಎಂದು ಬಹಳ ಹೊತ್ತು ನೋಡಿದೆವು.

ಇಲ್ಲಿಂದ ಸುತ್ತ ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಈ ಬೆಟ್ಟಗಳ ಮೂಲ ರೂಪ ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಎಂಬ ಕುಳ್ಳ ಮರಗಳ ದಟ್ಟ ಕಾಡು. ಟೀ ಆಮೇಲೆ ಬಂದದ್ದು. 1877ರಲ್ಲಿ ಜಾನ್ ಡೇನಿಯಲ್ ಮನ್ರೋ ಪೂಂಜಾರ್ ರಾಜಮನೆತನದಿಂದ ಈ ಬೆಟ್ಟಗಳನ್ನು ಗುತ್ತಿಗೆಗೆ ಪಡೆದ. 1880ರಲ್ಲಿ ಎ. ಎಚ್. ಶಾರ್ಪ್ ಪಾರ್ವತಿ ಎಸ್ಟೇಟಿನಲ್ಲಿ ಮೊದಲ ಟೀ ಹಾಕಿದ. ಕಾಡು ಕಡಿದವರು, ರಸ್ತೆ ಮಾಡಿದವರು, ಗಿಡ ನೆಟ್ಟವರು ಕಂಗಾಣಿಗಳ, ಅಂದರೆ ಆಳು ಕರೆತರುವ ಮೇಸ್ತ್ರಿಗಳ ಹಿಂದೆ ತಮಿಳು ಸೀಮೆಯಿಂದ ನಡೆದುಬಂದ ಬಡವರು.

ಗುಡ್ಡದ ಆಚೆ ಬದಿಗೆ ಪೆಟ್ಟಿಮುಡಿ. 2020ರ ಆಗಸ್ಟ್ 6ರ ರಾತ್ರಿ ಗುಡ್ಡ ಕುಸಿದು ಅಲ್ಲಿನ ಲಯಗಳನ್ನು ಎಳೆದುಕೊಂಡು ಹೋಯಿತು. 70 ಜನ ಹೋದರು. ಬಸ್ಸಿನಲ್ಲಿ ಪಕ್ಕ ಕೂತಿದ್ದ ವಾಚರ್ ಬೆರಳು ಮಾಡಿ ದಿಕ್ಕು ತೋರಿಸಿದರು. ಅಮ್ಮ ಕೈ ಮುಗಿದರು.

ಮಧ್ಯಾಹ್ನ ನಲ್ಲತಣ್ಣಿ ಎಸ್ಟೇಟಿನ ಟೀ ಮ್ಯೂಸಿಯಂ. ಸೋಮವಾರ ರಜೆ, ನೆನಪಿಟ್ಟುಕೊಳ್ಳಿ. 1905ರ ರೋಲರ್, 1913ರ ಕಲ್ಲಿನ ಸೂರ್ಯ ಗಡಿಯಾರ ಇಲ್ಲಿವೆ. ನನಗೆ ಹಿಡಿಸಿದ್ದು ಕುಂಡಳ ಕಣಿವೆಯ ಪುಟ್ಟ ರೈಲಿನ ಚಕ್ರ. ಹೌದು, ಈ ಬೆಟ್ಟದ ಮೇಲೆ ಒಂದು ಕಾಲಕ್ಕೆ ರೈಲು ಓಡುತ್ತಿತ್ತು. ಟೀ ಪೆಟ್ಟಿಗೆಗಳು ಟಾಪ್ ಸ್ಟೇಷನ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ರೋಪ್‌ವೇಯಲ್ಲಿ ತಮಿಳುನಾಡಿನ ಬಯಲಿಗೆ ಇಳಿಯುತ್ತಿದ್ದವು. 1924ರ ಜುಲೈ ಪ್ರವಾಹ ಹಳಿ, ಸೇತುವೆ ಎಲ್ಲ ಕೊಚ್ಚಿಕೊಂಡು ಹೋಯಿತು. ಮತ್ತೆ ಕಟ್ಟಲಿಲ್ಲ.

ಮೂರನೇ ದಿನ: ದೇವಿಕುಳಂ ದಾರಿ, ಸೂರ್ಯನೆಲ್ಲಿ

ದೇವಿಕುಳಂ ದಾಟಿ ಗ್ಯಾಪ್ ರೋಡಿನ ಕಡೆ ಹೋಗುವಾಗ ರಸ್ತೆ ಬದಿಯಲ್ಲಿ ತೂಕ ನಡೆಯುತ್ತಿತ್ತು. ಹೆಂಗಸರು ತಲೆಯ ಮೇಲೆ ಎಲೆಯ ಚೀಲ ಹೊತ್ತು ಒಬ್ಬೊಬ್ಬರಾಗಿ ಇಳಿದು ಬರುತ್ತಿದ್ದರು. ಸೊಂಟಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಕೈಯಲ್ಲಿ ಕತ್ತರಿ. ಕತ್ತರಿಯ ಒಂದು ಅಲಗಿಗೆ ಡಬ್ಬಿ ಕೂರಿಸಿರುತ್ತಾರೆ. ಕತ್ತರಿಸಿದ ಚಿಗುರು ಅದರೊಳಗೇ ಬೀಳುತ್ತದೆ, ತುಂಬಿದಾಗ ಬೆನ್ನ ಹಿಂದಿನ ಚೀಲಕ್ಕೆ. ಎರಡೆಲೆ ಒಂದು ಕುಡಿ ಬೆರಳಲ್ಲಿ ಚಿವುಟುವ ಚಿತ್ರ ಪ್ಯಾಕೆಟ್ ಮೇಲೆ ಇರುತ್ತದೆ. ನಾವು ಕಂಡದ್ದು ಪೂರ್ತಿ ಕತ್ತರಿ ಕೆಲಸ. ಬೆಳಗಿಂದ ಸಂಜೆವರೆಗೆ ಆ ಭಾರ ಮುಂಗೈ ಮೇಲೇ.

ಅಮ್ಮ ಗಾಡಿ ಇಳಿದು ಹೋಗಿ, "ಏನಮ್ಮಾ, ಇವತ್ತು ಎಷ್ಟು ಕಿಲೋ?" ಎಂದು ಕೇಳಿಬಿಟ್ಟರು. ಒಬ್ಬರು ನಗುತ್ತಾ ಪಕ್ಕದ ಕಟ್ಟೆ ತೋರಿಸಿ, "ಕೂತ್ಕೊಳ್ಳಿ ಅಕ್ಕಾ" ಎಂದರು. ತಮ್ಮ ಫ್ಲಾಸ್ಕಿನಿಂದಲೇ ಕಟ್ಟನ್ ಚಾಯ ಕೊಟ್ಟರು. ಹಾಲಿಲ್ಲ, ಶುಂಠಿ ಜಾಸ್ತಿ. ಇಡೀ ಪ್ರವಾಸದಲ್ಲಿ ಕುಡಿದ ಒಳ್ಳೆಯ ಟೀ ಅದೇ.

ಅವರಿಗೆ ಇನ್ನೊಂದು ವರ್ಷಕ್ಕೆ ಐವತ್ತೆಂಟು ತುಂಬುತ್ತದೆ, ರಿಟೈರ್‌ಮೆಂಟ್. ಅವರ ಅಮ್ಮ, ಅಜ್ಜಿ ಎಲ್ಲ ಇದೇ ತೋಟದಲ್ಲಿ ಎಲೆ ಕಿತ್ತವರು. ಊರು ಯಾವುದು ಅಂದರೆ ತಿರುನೆಲ್ವೇಲಿ ಕಡೆ ಅನ್ನುತ್ತಾರೆ, ಅಲ್ಲಿ ಈಗ ಅವರವರು ಯಾರೂ ಇಲ್ಲ.

2015ರ ಸೆಪ್ಟೆಂಬರ್ ಬಗ್ಗೆ ನಾನು ಕೇಳಿದೆ. ಆ ವರ್ಷ ಬೋನಸ್ ಕಡಿತವಾದಾಗ ಸಾವಿರಾರು ಹೆಂಗಸರು ಮುನ್ನಾರ್‌ನಲ್ಲಿ ರಸ್ತೆ ತಡೆದು ಕೂತಿದ್ದರು. ಗಂಡಸರ ಮುಖಂಡತ್ವ ಬೇಡ, ಯೂನಿಯನ್‌ಗಳೂ ಬೇಡ ಎಂದು ತಾವೇ 'ಪೆಂಬಿಳೈ ಒರುಮೈ' (ಹೆಂಗಸರ ಒಗ್ಗಟ್ಟು) ಎಂದು ಒಟ್ಟಾಗಿದ್ದರು. ಆಕೆಯ ಮುಖ ಅರಳಿತು. "ನಾನೂ ಕೂತಿದ್ದೆ. ರಾತ್ರಿ ಚಳೀಲಿ ಅಲ್ಲೇ. ಬೋನಸ್ ತಗೊಂಡೇ ಎದ್ದಿದ್ದು."

ಆಗ ಅಮ್ಮ ಕೇಳಿದ್ದು ಬೇರೆ. "ರಿಟೈರ್ ಆದ್ಮೇಲೆ ಮನೆ?"

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಲಯಂ ಕಂಪನಿಯದು. ಕೆಲಸ ಇದ್ದರೆ ಮನೆ. ಕೆಲಸ ಮುಗಿದರೆ ಬಿಟ್ಟುಕೊಡಬೇಕು, ಇಲ್ಲವಾದರೆ ಮನೆಯವರೊಬ್ಬರು ಆ ಕೆಲಸಕ್ಕೆ ಸೇರಬೇಕು. ಮಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಾನೆ, ಎಲೆ ಕತ್ತರಿಸಲು ಬರುವುದಿಲ್ಲ. "ಈ ಬೆಟ್ಟದಲ್ಲಿ ನಮ್ಮ ಹೆಸರಲ್ಲಿ ಒಂದು ಹಿಡಿ ಮಣ್ಣಿಲ್ಲ ಅಕ್ಕಾ" ಎಂದರು.

ಅಮ್ಮನಿಗೆ ಇದು ಹೊಸದಲ್ಲ. 2001ರಲ್ಲಿ ಗಣಿ ಮುಚ್ಚಿದಾಗ ಕೆಜಿಎಫ್‌ನ ಲೈನ್ ಮನೆಗಳಲ್ಲೂ ಇದೇ ಪ್ರಶ್ನೆ ಇತ್ತು. ಕೆಲಸ ಹೋಯಿತು, ಮನೆ ಏನಾಗುತ್ತೆ ಅಂತ. ಜನ ಅಲ್ಲೇ ಉಳಿದು, ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಅಮ್ಮ ಅದನ್ನೆಲ್ಲ ಆಕೆಗೆ ಹೇಳಿದರು. ಇಬ್ಬರೂ ಫೋನ್ ನಂಬರ್ ಬರೆದುಕೊಂಡರು. ಸೂಪರ್‌ವೈಸರ್ ಸೀಟಿ ಊದಿದ, ಅವರು ಎದ್ದು ಹೋದರು.

ಪಕ್ಕದ ಗುಡ್ಡದಲ್ಲಿ ಗಿಡಗಳನ್ನು ಹೊಸದಾಗಿ ಸವರಿದ್ದರು. ನಾಲ್ಕೈದು ವರ್ಷಕ್ಕೊಮ್ಮೆ ಹೀಗೆ ಬೋಳಿಸುತ್ತಾರೆ. ಎಲೆ ಇದ್ದಾಗ ಟೀ ಗಿಡ ಸಣ್ಣ ಪೊದೆ ಅನಿಸುತ್ತದೆ. ಸವರಿದ ಮೇಲೆ ನೋಡಬೇಕು. ನನ್ನ ತೊಡೆಯಷ್ಟು ದಪ್ಪದ ಬುಡ, ಅದರ ಮೇಲೆ ಬೂದು ಪಾಚಿ, ಗಂಟುಗಂಟಾಗಿ ತಿರುಚಿದ ಕೊಂಬೆಗಳು. ಇದು ಮರ. ಬಿಟ್ಟರೆ ಮೂವತ್ತು ಅಡಿ ಮೀರಿ ಬೆಳೆಯುತ್ತದೆ. ನೂರು ವರ್ಷದ ಗಿಡಗಳೂ ಇನ್ನೂ ಚಿಗುರು ಕೊಡುತ್ತಿವೆ, ಸೊಂಟದೆತ್ತರಕ್ಕೆ ತಡೆದು ಇಟ್ಟಿರುವುದರಿಂದ.

ಗ್ಯಾಪ್ ರೋಡ್ ಕಡಿದಾದ ಬಂಡೆ ಕೊರೆದು ಮಾಡಿದ ರಸ್ತೆ. ಮಳೆಗಾಲದಲ್ಲಿ ಕಲ್ಲು ಜರಿಯುವುದು ಇದ್ದೇ ಇದೆ, ಆ ತಿಂಗಳುಗಳಲ್ಲಿ ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಆನಯಿರಂಗಲ್ ಜಲಾಶಯದ ಪಕ್ಕದಲ್ಲೇ ಹೋಗಿ ಸಂಜೆಗೆ ಸೂರ್ಯನೆಲ್ಲಿ ಸೇರಿದೆವು.

ಅಲ್ಲಿನ ಟೀ ಅಂಗಡಿಯಲ್ಲಿ ಪಳಂಪೊರಿ ಕರಿಯುತ್ತಿದ್ದರು. ನೇಂದ್ರ ಬಾಳೆ, ಒಳಗೆ ಮೆತ್ತಗೆ, ಹೊರಗೆ ಗರಿಗರಿ. ಮಾತು ಸಹಜವಾಗಿ ಅರಿಕೊಂಬನ್‌ಗೆ ಬಂತು. ಅಕ್ಕಿಯ ಆಸೆಗೆ ರೇಷನ್ ಅಂಗಡಿ, ಮನೆಗಳನ್ನು ಒಡೆಯುತ್ತಿದ್ದ ಆನೆ. 2023ರ ಏಪ್ರಿಲ್‌ನಲ್ಲಿ ಮತ್ತಿನ ಮದ್ದು ಕೊಟ್ಟು ಹಿಡಿದು ಪೆರಿಯಾರ್ ಕಾಡಿಗೆ ಬಿಟ್ಟರು. ಅಲ್ಲಿಂದ ತಮಿಳುನಾಡಿಗೆ ನಡೆದಾಗ ಅಲ್ಲಿನವರು ಹಿಡಿದು ದೂರದ ಕಳಕ್ಕಾಡ್ ಮುಂಡಂತುರೈಗೆ ಸಾಗಿಸಿದರು. ಅಂಗಡಿಯವರು ಅದರ ಮೇಲೆ ಸಿಟ್ಟಿನಲ್ಲಿರುತ್ತಾರೆ ಎಂದುಕೊಂಡಿದ್ದೆ. "ಪಾಪ, ಅದರ ಜಾಗದಲ್ಲೇ ನಾವು ಇರೋದು" ಎಂದರು. "ಆದ್ರೆ ರಾತ್ರಿ ಈಗ ನಿದ್ದೆ ಬರುತ್ತೆ, ಅದೂ ನಿಜ." ಎರಡೂ ಮಾತು ಅವರು ಮನಸ್ಸಿನಿಂದಲೇ ಹೇಳಿದರು.

ನಾಲ್ಕನೇ ದಿನ: ಕೊಳುಕ್ಕುಮಲೆ

ಬೆಳಗಿನ ಜಾವ ನಾಲ್ಕಕ್ಕೆ ಜೀಪು. ಕೊಳುಕ್ಕುಮಲೆ ಸೇರಿರುವುದು ತಮಿಳುನಾಡಿನ ಥೇಣಿ ಜಿಲ್ಲೆಗೆ, ಆದರೆ ಗಾಡಿ ಹೋಗುವ ದಾರಿ ಇರುವುದು ಕೇರಳದ ಸೂರ್ಯನೆಲ್ಲಿಯಿಂದ. ಸ್ವಂತ ಕಾರು ಬಿಡುವುದಿಲ್ಲ, ಬಿಟ್ಟರೂ ಹೋಗದು. ಜೀಪಿನ ಬಾಡಿಗೆ ತಲೆಗಲ್ಲ, ಗಾಡಿಗೆ. ಆರು ಜನ ಕೂರಬಹುದು. ನಾವು ಮೂವರೇ ಇದ್ದದ್ದರಿಂದ ಹಿಂದಿನ ಸಂಜೆ ಸ್ಟ್ಯಾಂಡಿನಲ್ಲೇ ಮಧುರೈನ ಒಂದು ಜೋಡಿಯನ್ನು ಜೊತೆ ಮಾಡಿಕೊಂಡೆವು. ಬೆನ್ನುನೋವು ಇರುವವರು ಯೋಚಿಸಿ ಹೋಗಿ. ರಸ್ತೆ ಅನ್ನುವುದು ಸುಮ್ನೆ ಹೆಸರಿಗೆ, ಇರುವುದು ಕಲ್ಲಿನ ರಾಶಿ.

ಅರ್ಧ ದಾರಿಯಲ್ಲಿ ನಮ್ಮ ಜೀಪಿನ ಟೈರು ಚೂಪು ಕಲ್ಲಿಗೆ ಸೀಳಿತು. ಡ್ರೈವರ್ ಸ್ಟೆಪ್ನಿ ಹಾಕುವವರೆಗೆ ಎಲ್ಲರೂ ಇಳಿದು ತೋಟದ ಅಂಚಿನಲ್ಲಿ ನಿಂತೆವು. ಹಿಂದಿನಿಂದ ಬಂದ ಜೀಪುಗಳೆಲ್ಲ ನಮ್ಮನ್ನು ದಾಟಿ ಮೇಲೆ ಹೋದವು. ಹಾಗಾಗಿ ಸೂರ್ಯೋದಯ ನೋಡಿದ್ದು ತುದಿಯ ವ್ಯೂಪಾಯಿಂಟಿನಲ್ಲಲ್ಲ, ಯಾರೂ ಇಲ್ಲದ ಒಂದು ತಿರುವಿನಲ್ಲಿ. ಪೂರ್ವಕ್ಕೆ ಬೆಟ್ಟ ಒಮ್ಮೆಗೇ ಕಡಿದು ಬೀಳುತ್ತದೆ. ಕೆಳಗೆ ಥೇಣಿಯ ಬಯಲು ಇರಬೇಕಾದ ಕಡೆ ಬರೀ ಮೋಡ, ನಮ್ಮ ಪಾದಕ್ಕಿಂತ ಬಹಳ ಕೆಳಗೆ. ಮೊದಲು ಅದರ ಅಂಚು ಕೆಂಪಾಯಿತು, ಆಮೇಲೆ ನಿಧಾನಕ್ಕೆ ಕದಲತೊಡಗಿತು. ಅಮ್ಮ ಶಾಲು ಹೊದ್ದು ಕಲ್ಲಿನ ಮೇಲೆ ಕೂತಿದ್ದರು. "ಟೈರು ಒಳ್ಳೇ ಕಡೆ ಹೋಯ್ತು" ಎಂದರು. ಆಮೇಲೆ ತುದಿಗೆ ಹೋದಾಗ ಅಲ್ಲಿನ ಗದ್ದಲ ನೋಡಿ ನನಗೂ ಹಾಗೇ ಅನಿಸಿತು.

ಇಲ್ಲಿನ ತೋಟ ಸುಮಾರು 7,900 ಅಡಿ ಎತ್ತರದಲ್ಲಿದೆ. ಫ್ಯಾಕ್ಟರಿ 1930ರ ದಶಕದ್ದು, ಮರದ ಮಹಡಿ, ಹಳೆಯ ಯಂತ್ರಗಳು. ಒಳಗೆ ಕಾಲಿಟ್ಟರೆ ಹಸಿ ಎಲೆಯ ವಾಸನೆ. ಮೊದಲು ಎಲೆಯನ್ನು ಹರಡಿ ಗಾಳಿಗೆ ಬಾಡಿಸುತ್ತಾರೆ. ಬಾಡಿದ ಎಲೆ ಹಿಡಿದರೆ ಮೆತ್ತನೆ ಬಟ್ಟೆಯ ಹಾಗೆ, ಮಡಿಸಿದರೂ ಮುರಿಯುವುದಿಲ್ಲ. ಆಮೇಲೆ ಹಿತ್ತಾಳೆಯ ದುಂಡು ಮೇಜಿನ ಮೇಲೆ ರೋಲರ್ ತಿರುಗಿ ಹೊಸಕುತ್ತದೆ. ರಸ ಹೊರಬಂದ ಎಲೆ ಗಾಳಿಗೆ ತೆರೆದುಕೊಂಡು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಸರಿಯಾದ ಹೊತ್ತಿಗೆ ಬಿಸಿಗಾಳಿಯಲ್ಲಿ ಒಣಗಿಸಿ ಆ ಬದಲಾವಣೆ ನಿಲ್ಲಿಸಬೇಕು. ಹೊತ್ತು ಯಾವುದು ಎಂದು ಹೇಗೆ ಗೊತ್ತಾಗುತ್ತೆ ಎಂದು ಕೇಳಿದೆ. ಅಲ್ಲಿದ್ದ ಹಿರಿಯರು ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದರು, ನನಗೂ ಕೊಟ್ಟರು. ಹಸಿ ವಾಸನೆ ಹೋಗಿ ಹಣ್ಣಿನ ಪರಿಮಳ ಬಂದಿತ್ತು. "ಅಷ್ಟೇ" ಎಂದರು. ನಾವು ಮನೆಯಲ್ಲಿ ಹಾಲು ಹಾಕಿ ಕುದಿಸುವುದು ಹೆಚ್ಚಾಗಿ ಸಿಟಿಸಿ ಟೀ, ಯಂತ್ರದ ಹಲ್ಲಿನಲ್ಲಿ ಹರಿದು ಕಾಳು ಮಾಡಿದ್ದು. ಇಲ್ಲಿಯದು ಸುರುಳಿ ಎಲೆ. ಹಾಲು ಹಾಕಬೇಡಿ, ಮೂರು ನಿಮಿಷ ಬಿಸಿನೀರಲ್ಲಿ ಇಟ್ಟು ಸೋಸಿ ಎಂದು ಕೌಂಟರಿನಲ್ಲಿ ಹೇಳಿಕೊಟ್ಟರು.

ಹಳೆಯ ಕಾಲದಲ್ಲಿ ಈ ಯಂತ್ರಗಳ ಬಿಡಿಭಾಗಗಳನ್ನು ಕೆಳಗಿನ ಕುರಂಗಣಿ ಕಡೆಯಿಂದ ಜನರೇ ಹೊತ್ತು ತಂದರಂತೆ. ಆ ಇಳಿಜಾರು ಕಣ್ಣೆದುರೇ ಇತ್ತು. ಬರೀ ಕೈಯಲ್ಲಿ ಹತ್ತುವುದೇ ಕಷ್ಟ.

ಸೂರ್ಯನೆಲ್ಲಿಗೆ ವಾಪಸ್ ಬಂದು, ಬೋಡಿಮೆಟ್ಟು ಘಟ್ಟ ಇಳಿದೆವು. ತುದಿಯಲ್ಲಿ ಏಲಕ್ಕಿಯ ಘಮ, ಕೆಳಗೆ ಬೋಡಿಯಲ್ಲಿ ಮೈ ಸುಡುವ ಬಿಸಿಲು. ಥೇಣಿ, ಪಳನಿ ಮೇಲೆ ರಾತ್ರಿಗೆ ಪೊಳ್ಳಾಚಿ.

ಐದನೇ ದಿನ: ವಾಲ್ಪಾರೈ

ಆಳಿಯಾರ್ ಅಣೆಕಟ್ಟಿನಿಂದ ವಾಲ್ಪಾರೈಗೆ 40 ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿಗೂ ನಂಬರ್ ಫಲಕ ಇದೆ. ಒಂಬತ್ತನೇ ತಿರುವಿನ ಲೋಮ್ಸ್ ವ್ಯೂನಲ್ಲಿ ನಿಂತರೆ ಆಳಿಯಾರ್‌ನ ನೀರು, ಪೊಳ್ಳಾಚಿಯ ತೆಂಗಿನ ಬಯಲು ಪೂರ್ತಿ ಕಾಣುತ್ತದೆ. ನಾವು ಇಳಿದು ನೋಡುವಷ್ಟರಲ್ಲಿ ಕೋತಿಯೊಂದು ಅರ್ಧ ತೆರೆದಿದ್ದ ಕಿಟಕಿಯಿಂದ ಮರಯೂರು ಬೆಲ್ಲದ ಪೊಟ್ಟಣ ಎತ್ತಿಕೊಂಡು ಮರ ಹತ್ತಿತು. ಒಂದು ಕಿಲೋ ಹೋಯಿತು. ಈ ಘಟ್ಟದಲ್ಲಿ ಗಾಜು ಪೂರ್ತಿ ಏರಿಸಿಯೇ ಇಳಿಯಿರಿ. ಹತ್ತುವ ಗಾಡಿಗೆ ದಾರಿ ಬಿಡುವುದು ಇಲ್ಲಿನ ರೂಢಿ, ಇಳಿಯುವಾಗ ಗೇರಿನಲ್ಲೇ ಇಳಿಯಿರಿ.

ವಾಲ್ಪಾರೈ ನನಗೆ ಮುನ್ನಾರ್‌ಗಿಂತ ಹೆಚ್ಚು ಹಿಡಿಸಿತು. ಪೇಟೆ ಸಣ್ಣದು, ರೆಸಾರ್ಟುಗಳ ಕಾಟ ಕಡಿಮೆ. ಮುಖ್ಯ ಅಂದರೆ ಟೀ ತೋಟಗಳ ಮಧ್ಯೆ ಇನ್ನೂ ಮಳೆಕಾಡಿನ ತುಂಡುಗಳು ಉಳಿದಿವೆ. ಪುದುತೋಟ್ಟಂ ಹತ್ತಿರ ಸಿಂಗಳೀಕಗಳ ಗುಂಪು ಸಿಕ್ಕಿತು. ಕಪ್ಪು ಮೈ, ಮುಖದ ಸುತ್ತ ಬಿಳಿ ಕೇಸರ. ನಮ್ಮ ಶರಾವತಿ ಕಣಿವೆಯಲ್ಲಿ ಅವು ಮರದ ತುದಿಯಲ್ಲಿ ಕಂಡು ಮಾಯವಾಗುತ್ತವೆ. ಇಲ್ಲಿ ರಸ್ತೆಗೇ ಇಳಿಯುತ್ತವೆ, ಗಾಡಿಗೆ ಸಿಗುತ್ತವೆ. ಅದಕ್ಕೇ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ. ಒಂದು ಮರಿ ಆ ಸೇತುವೆಯ ಮಧ್ಯೆ ಕೂತು ಕೆಳಗಿನ ಬಸ್ಸನ್ನೇ ನೋಡುತ್ತಿತ್ತು. ಯಾರೋ ಬಿಸ್ಕೆಟ್ ಎಸೆದರು, ಕಾವಲಿಗಿದ್ದ ಹುಡುಗ ಗದರಿಸಿದ. ಸರಿಯಾಗೇ ಮಾಡಿದ. ಬಿಸ್ಕೆಟ್ ಹಾಕಿದಷ್ಟೂ ಅವು ರಸ್ತೆಗೆ ಬರುತ್ತವೆ, ಸಾಯುತ್ತವೆ.

ಸಂಜೆ ಒಂದು ತಿರುವಿನಲ್ಲಿ ಕಂಬದ ಮೇಲೆ ಕೆಂಪು ದೀಪ ಮಿನುಗುತ್ತಿತ್ತು. ಆನೆ ಹತ್ತಿರದಲ್ಲಿದೆ ಎಂದು ಅರ್ಥ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಆನಂದ ಕುಮಾರ್ ಮತ್ತು ಅವರ ತಂಡ ಶುರು ಮಾಡಿದ ಕೆಲಸ ಇದು. ಆನೆ ಕಂಡ ಊರಿನವರೇ ಮೊಬೈಲಿನಿಂದ ದೀಪ ಹಚ್ಚುತ್ತಾರೆ. ಸುತ್ತಲಿನವರ ಫೋನಿಗೆ ಮೆಸೇಜ್ ಕೂಡ ಹೋಗುತ್ತದೆ. ಕತ್ತಲಲ್ಲಿ ಬಸ್ಸಿಳಿದು ಲಯಕ್ಕೆ ನಡೆಯುವವರಿಗೆ ಇದರಿಂದ ಜೀವ ಉಳಿದಿದೆ. ನಾವೂ ಗಾಡಿ ತಿರುಗಿಸಿ ಪೇಟೆಗೆ ಬಂದು, ದೀಪ ಆರುವವರೆಗೆ ಪರೋಟ ಅಂಗಡಿಯಲ್ಲಿ ಕೂತೆವು.

ಅಲ್ಲಿ ಸಿಕ್ಕ ಜೋಡಿ ಜಾರ್ಖಂಡ್‌ನವರು. ಅಮ್ಮನ ತಮಿಳು ಇಲ್ಲಿ ನಡೆಯಲಿಲ್ಲ, ನನ್ನ ಹಿಂದಿ ಬಂತು. ಹಳೆಯ ಕಾರ್ಮಿಕರ ಮಕ್ಕಳು ಕೊಯಮತ್ತೂರು, ತಿರುಪ್ಪೂರು ಸೇರಿದ ಮೇಲೆ ಈಗ ಎಲೆ ಕತ್ತರಿಸುವವರಲ್ಲಿ ಜಾರ್ಖಂಡ್, ಅಸ್ಸಾಂ, ಒಡಿಶಾದವರು ಬಹಳ. ಹೆಂಡತಿ ಎಲೆಗೆ, ಗಂಡ ಔಷಧಿ ಹೊಡೆಯಲು. ಆರು ವರ್ಷದ ಮಗಳು ನಮ್ಮ ಅಮ್ಮನ ಜೊತೆ ಪಟಪಟ ತಮಿಳು ಮಾತಾಡುತ್ತಿದ್ದಳು, ಅಪ್ಪ ಅಮ್ಮನಿಗೆ ಹಿಂದಿಗೆ ತಿರುಗಿಸಿ ಹೇಳುತ್ತಿದ್ದಳು. ಚಿರತೆಯ ಭಯಕ್ಕೆ ಸಂಜೆಯಾದರೆ ಅವಳನ್ನು ಅಂಗಳಕ್ಕೂ ಬಿಡುವುದಿಲ್ಲವಂತೆ. ಲಯದ ಹಿಂದೆಯೇ ಟೀ ಸಾಲು, ಅದರೊಳಗೆ ಏನು ಕೂತಿದೆ ಎಂದು ಕಾಣುವುದಿಲ್ಲ. ಇಲ್ಲೇ ಇರುತ್ತೀರಾ ಎಂದು ಕೇಳಿದೆ. "ಇವಳ ಶಾಲೆ ಚೆನ್ನಾಗಿದೆ" ಎಂದಷ್ಟೇ ಆಕೆ ಹೇಳಿದರು.

ಆರನೇ ದಿನ: ಮಲಕ್ಕಪ್ಪಾರ, ವಾಳಚ್ಚಾಲ್

ವಾಪಸ್ ಬರಲು ಪೊಳ್ಳಾಚಿ ಕಡೆ ಇಳಿಯದೆ ಕೇರಳದ ಚಾಲಕುಡಿ ಕಡೆಯ ಕಾಡು ರಸ್ತೆ ಹಿಡಿದೆವು. ಶೋಲಯಾರ್ ಜಲಾಶಯ ದಾಟಿದರೆ ಮಲಕ್ಕಪ್ಪಾರ, ಕೊನೆಯ ಟೀ ತೋಟ. ಇಲ್ಲಿನ ಫಾರೆಸ್ಟ್ ಚೆಕ್‌ಪೋಸ್ಟ್‌ನಲ್ಲಿ ಗಾಡಿಯಲ್ಲಿರುವ ಪ್ಲಾಸ್ಟಿಕ್ ಬಾಟಲಿ ಎಣಿಸಿ, ಹೊರಟ ಸಮಯ ಬರೆದು ಚೀಟಿ ಕೊಡುತ್ತಾರೆ. ಆಚೆ ತುದಿಯ ವಾಳಚ್ಚಾಲ್‌ನಲ್ಲಿ ಅದನ್ನು ತೋರಿಸಬೇಕು. ಮಧ್ಯೆ ಎಲ್ಲೂ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಹೊಟ್ಟೆಗೆ ಇಲ್ಲೇ ಹಾಕಿಕೊಳ್ಳಿ, ಪೆಟ್ರೋಲನ್ನು ವಾಲ್ಪಾರೈನಲ್ಲೇ ತುಂಬಿಸಿ.

ಗೇಟಿನ ಪಕ್ಕದ ಅಂಗಡಿಯಲ್ಲಿ ಅಪ್ಪಂ, ಮೊಟ್ಟೆ ರೋಸ್ಟ್. ಅದಾದ ಮೇಲೆ ಒಂದೂವರೆ ಗಂಟೆ ದಟ್ಟ ಕಾಡು. ಟೀ ಸಾಲುಗಳನ್ನೇ ನೋಡಿದ್ದ ಕಣ್ಣಿಗೆ ಈ ಕಾಡು ಅಸ್ತವ್ಯಸ್ತ ಅನಿಸಿತು, ಬಿದಿರು, ಬೆತ್ತ, ಬಳ್ಳಿ, ಬಿದ್ದ ಮರ. ವಾಲ್ಪಾರೈನ ಗುಡ್ಡಗಳೆಲ್ಲ ಮೊದಲು ಹೀಗೇ ಇದ್ದವಲ್ಲ ಎಂದು ತಮ್ಮನೇ ಹೇಳಿದ. ಮೇಲೆ ರೆಕ್ಕೆಯ ದೊಡ್ಡ ಸದ್ದು ಕೇಳಿ ತಲೆ ಎತ್ತಿದರೆ ಮಂಗಟ್ಟೆಗಳ ಜೋಡಿ, ಹಳದಿ ಕೊಕ್ಕು, ರಸ್ತೆಗೆ ಅಡ್ಡವಾಗಿ ಹಾರಿ ಹೋದವು.

ಅತಿರಪ್ಪಿಳ್ಳಿ ಜಲಪಾತದಲ್ಲಿ ಜನವರಿಯಾದ್ದರಿಂದ ನೀರು ಕಡಿಮೆ, ಜನ ಜಾಸ್ತಿ. ಬೇಗ ಹೊರಟೆವು. ಚಾಲಕುಡಿಯಲ್ಲಿ ಬಾಳೆ ಎಲೆ ಊಟ. ಕೈ ತೊಳೆದು ಬಂದ ಅಮ್ಮ ದೇವಿಕುಳಂನ ಆ ಹೆಂಗಸಿಗೆ ಫೋನ್ ಮಾಡಿದರು. ಆಕೆ ಗುಡ್ಡದ ಮೇಲೆ ಕೆಲಸದಲ್ಲಿದ್ದರು, ಮಾತು ಕಡಿದು ಕಡಿದು ಕೇಳಿಸುತ್ತಿತ್ತು. ಮಗ ತಿರುಪ್ಪೂರಿನ ಹೊರಗೆ ಒಂದು ಸಣ್ಣ ಸೈಟು ನೋಡಿದ್ದಾನಂತೆ. ಇವರ ರಿಟೈರ್‌ಮೆಂಟ್ ದುಡ್ಡಿಗೆ ಸಾಲ ಸೇರಿಸಿದರೆ ಆಗಬಹುದು. ಇವರಿಗೆ ಮನಸ್ಸಿಲ್ಲ, ಅಲ್ಲಿ ಸೆಖೆ. "ದುಡ್ಡು ಕೈಗೆ ಬಂದ ತಕ್ಷಣ ಯಾರಿಗೂ ಸಾಲ ಕೊಡಬೇಡ, ಮೊದಲು ಸೈಟು ರಿಜಿಸ್ಟರ್ ಮಾಡಿಸು, ನಿನ್ನ ಹೆಸರಲ್ಲೇ ಮಾಡಿಸು" ಎಂದು ಅಮ್ಮ ಎರಡೆರಡು ಸಲ ಹೇಳಿದರು. ಆಕೆ ಆಗಲಿ ಅಕ್ಕಾ ಎಂದರು. ನಾವು ಪಾಲಕ್ಕಾಡ್ ರಸ್ತೆ ಹಿಡಿದೆವು.